ವೈರು ಕಾಣದ ಮೇಜು

ಲಿಫ್ಟ್ ರಿಪೇರಿಯವನಿಗೆ ನೀಟಪ್ಪ ಎಂದು ಹೆಸರಿಟ್ಟವರು ಅವನ ಕಂಪನಿಯ ಜೊತೆಗಾರರೇ. ಗೇಲಿಗೆಂದು ಇಟ್ಟದ್ದು, ಕೊನೆಗೆ ಅದೇ ನಿಂತುಬಿಟ್ಟಿತು. ಮೈಕೈಯೆಲ್ಲ ಗ್ರೀಸಾಗುವ ಕೆಲಸ, ಆದರೂ ಅವನ ಅಂಗಿಯ ತೋಳಿನಲ್ಲಿ ಕಲೆ ಹುಡುಕಿದರೂ ಸಿಗುತ್ತಿರಲಿಲ್ಲ. ಕೆಲಸಕ್ಕೆ ಕೈಹಚ್ಚುವ ಮುಂಚೆ ಪ್ರತಿ ಮಹಡಿಯ ಬಾಗಿಲಿಗೂ ‘ಕೆಲಸ ನಡೆಯುತ್ತಿದೆ’ ಎಂಬ ಬೋರ್ಡು ತೂಗುಹಾಕುತ್ತಿದ್ದ. ಎಲ್ಲ ಮುಗಿದ ಮೇಲೆ ಲಿಫ್ಟಿನೊಳಗೆ ನಿಂತು ಅಪಾಯದ ಗಂಟೆಯ ಗುಂಡಿ ಒತ್ತಿ, ಕೆಳಗಿದ್ದ ಕಾವಲುಗಾರನಿಗೆ “ಕೇಳಿಸ್ತೇನ್ರೀ?” ಎಂದು ಕೂಗುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಇವೆರಡನ್ನು ಒಂದು ದಿನವೂ ತಪ್ಪಿಸಿದವನಲ್ಲ.

“ಲಿಫ್ಟ್ ಕೆಟ್ರೆ ಮೆಟ್ಲಿದೆ. ಗಂಟೆ ಕೆಟ್ರೆ ಒಳಗೆ ಸಿಕ್ಕೊಂಡೋರಿಗೆ ಏನಿದೆ?” ಎನ್ನುತ್ತಿದ್ದ. ಮಾತು ಬಂಗಾರದಂಥದ್ದೇ. ಆಡಿದವನೇ ಮರೆತರೆ ಯಾರೇನು ಮಾಡಲಾದೀತು!

ಅವನದು ಎರಡೇ ಕೋಣೆಯ ಮನೆ. ಒಳಗಿನ ಕೋಣೆಯಲ್ಲಿ ಅಕ್ಕನ ಮಂಚ, ಮುಂದಿನ ಕೋಣೆಯಲ್ಲಿ ಅವನ ಕಂಪ್ಯೂಟರಿನ ಮೇಜು. ಆ ಮೇಜೂ ಅಕ್ಕನದೇ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಅವಳು ಹೊಟ್ಟೆ ಬಟ್ಟೆ ಕಟ್ಟಿ, ಆ ಹಲಗೆಯ ಮೇಲೆ ಊರವರ ಬಟ್ಟೆ ಕತ್ತರಿಸಿ ಹೊಲಿದು ತಮ್ಮನನ್ನು ಓದಿಸಿದಳು. ಮದುವೆಯ ಮಾತೆತ್ತಿದವರಿಗೆಲ್ಲ “ಮೊದ್ಲು ಇವನೊಂದು ದಡ ಸೇರ್ಲಿ” ಎಂದಳು. ಅವನು ದಡ ಸೇರಿದ. ಅವಳು ಹಾಗೇ ಉಳಿದಳು. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಾಗ ಆ ಹಲಗೆಯನ್ನು ತಾನಾಗಿ ತಮ್ಮನಿಗೆ ಕೊಟ್ಟಳು. ಅವನು ಅದನ್ನು ಉಜ್ಜಿ ಎಣ್ಣೆ ಹಚ್ಚಿದ. ಅಂಚಿನಲ್ಲಿ ಅವಳು ಕೊರೆದಿದ್ದ ಇಂಚಿನ ಗೆರೆಗಳು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಬಾಗಿಲಾಚೆಗೆ ಕೇಳದಷ್ಟು ಸಣ್ಣ “ಊಂ”. ಆಗ ನೀಟಪ್ಪ ಗುಜರಿಗೆ ಹೋಗಬೇಕಿದ್ದ ಲಿಫ್ಟೊಂದರ ಅಪಾಯದ ಗುಂಡಿಯನ್ನು ಬಿಚ್ಚಿ ತಂದ. ಮೆತ್ತನೆಯ ಪಟ್ಟಿಯಿಂದ ಅದನ್ನು ಅಕ್ಕನ ಎಡ ಮಣಿಕಟ್ಟಿಗೆ, ಅದೇ ಕೈಯ ಹೆಬ್ಬೆರಳಿಗೆ ಎಟುಕುವಂತೆ ಅಂಗೈಗೆ ಇಳಿಬಿಟ್ಟು ಕಟ್ಟಿದ. ಅಲ್ಲಿಂದ ಬಿಳಿ ವೈರನ್ನು ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ, ಗೋಡೆಗುಂಟ ತಂದು, ತನ್ನ ಮೇಜಿನ ಮೇಲೊಂದು ಗಂಟೆಗೆ ಸೇರಿಸಿದ. ಒಂದು ಸಲ ಹೊಡೆದರೆ ನೀರು. ಎರಡು ಸಲ ಹೊಡೆದರೆ ಮಗ್ಗಲು ಬದಲಾಯಿಸು. ಮೂರು ಸಲ ಹೊಡೆದರೆ ಏನೂ ಇಲ್ಲ, ಸುಮ್ಮನೆ ಬಾ.

ಮೂರರದೇ ಕಾಟ ಜಾಸ್ತಿ. ಅವನು ಓಡಿಹೋಗಿ “ಏನಕ್ಕ?” ಎಂದರೆ ಅವಳು ಸೊಟ್ಟ ಬಾಯಲ್ಲೇ ನಗುತ್ತಿದ್ದಳು. “ನಿಂಗೆ ಹೊತ್ತು ಹೋಗಲ್ಲ ಅಂತ ನನ್ನ ಜೀವ ತಿನ್ಬೇಡ” ಎಂದು ರೇಗುತ್ತಲೇ ಅವನು ಮಂಚದ ಅಂಚಿನಲ್ಲಿ ಕೂರುತ್ತಿದ್ದ.

ಇನ್ನು ಅವನ ಖಯಾಲಿ. ಮನೆಯ ಕಂಪ್ಯೂಟರ್ ಮೇಜನ್ನು ಅಂದಗೊಳಿಸಿ ಫೋಟೋ ಹಾಕುವವರದೇ ಒಂದು ಗುಂಪಿದೆ, ಸಾವಿರಾರು ಜನ. ಮಗುವನ್ನು ಮೀಯಿಸಿ, ತಲೆ ಬಾಚಿ, ಫೋಟೋಗೆ ಕೂರಿಸುತ್ತಾರಲ್ಲ, ಹಾಗೆ ಪ್ರತಿ ಭಾನುವಾರ ಮೇಜನ್ನು ಸಿಂಗರಿಸಿ ತೋರಿಸುತ್ತಾರೆ. ಒಬ್ಬನದು ಗೋಡೆಯಗಲದ ಮಾನಿಟರು, ಇನ್ನೊಬ್ಬಳದು ಬಣ್ಣಬಣ್ಣದ ಬೆಳಕು ಉಗುಳುವ ಕೀಬೋರ್ಡು. ತಿಂಗಳಿಗೊಮ್ಮೆ ಎಲ್ಲರೂ ಮತ ಹಾಕಿ ‘ತಿಂಗಳ ಮೇಜು’ ಆರಿಸುತ್ತಾರೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಫೋಟೋದಲ್ಲಿ ಒಂದೇ ಒಂದು ವೈರು ಕಾಣಕೂಡದು. ನೀಟಪ್ಪನಂಥವನಿಗೆ ಇದಕ್ಕಿಂತ ಬೇಕೇ! ಮೌಸಿನ ವೈರು, ಸ್ಪೀಕರಿನ ವೈರು, ಎಲ್ಲವನ್ನೂ ಹಲಗೆಯಡಿ ಕ್ಲಿಪ್ಪು ಹೊಡೆದು ಮಾಯ ಮಾಡಿದ್ದ. ಉಳಿದದ್ದು ಗೋಡೆಯ ಮೇಲೆ ಎದ್ದು ಕಾಣುವ ಅಕ್ಕನ ಬಿಳಿ ವೈರೊಂದೇ.

“ಮೇಜು ಸೂಪರ್ ಸಾರ್, ಆದ್ರೆ ಆ ಬಿಳೀ ವೈರು...” ಎಂದು ವಾರವಾರವೂ ಯಾರಾದರೂ ಬರೆಯುತ್ತಿದ್ದರು. ಅದು ಯಾತರದು ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಯ್ಯೋ ಪಾಪ ಎಂದಾರು. ಅವನಿಗೆ ಬೇಕಿದ್ದದ್ದು ಭೇಷ್ ಎನ್ನುವುದು.

ಅಕ್ಕನಿಗೆ ಆ ಫೋಟೋಗಳನ್ನೆಲ್ಲ ತೋರಿಸುತ್ತಿದ್ದ. ಒಮ್ಮೆ ಅವಳು ಪರದೆಯ ಮೇಲಿನ ಬಿಳಿ ಗೆರೆಯನ್ನು ಬೆರಳಿಂದ ಮುಟ್ಟಿ, ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು.

“ಅದು ನಿನ್ನ ನಾಲಿಗೆ ಕಣಕ್ಕ. ಹ್ಯಾಗೆ ಕತ್ತರಿಸ್ಲಿ?” ಎಂದ ಅವನು. ಇಬ್ಬರೂ ನಕ್ಕರು.

ಆ ಭಾನುವಾರ ಮತದಾನದ ಕೊನೆಯ ದಿನ. ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಬಿಸಿಲು ಸರಿಯಾಗಿ ಹಲಗೆಯ ಮೇಲೆ ಬೀಳುತ್ತದೆ, ಅರ್ಧ ಗಂಟೆಯಷ್ಟೇ. ನೀಟಪ್ಪ ಒಳಗೆ ಇಣುಕಿದ. ಅಕ್ಕನಿಗೆ ಒಳ್ಳೆಯ ನಿದ್ದೆ. ಫೋಟೋದಷ್ಟು ಹೊತ್ತು ವೈರನ್ನು ಹೇಳಿಯೇ ಕಿತ್ತರಾಯಿತು ಎಂದುಕೊಂಡಿದ್ದವನು, ಐದು ನಿಮಿಷದ ಕೆಲಸಕ್ಕೆ ಎಬ್ಬಿಸುವುದೇಕೆ ಎಂದು ಸುಮ್ಮನಾದ. ಲಿಫ್ಟಿಗಾದರೆ ಬೋರ್ಡು ಹಾಕುತ್ತಿದ್ದ. ಅಕ್ಕನಿಗೆ ಹಾಕಲಿಲ್ಲ. ಗಂಟೆಯಿಂದ ವೈರು ಬಿಚ್ಚಿ ಸುರುಳಿ ಸುತ್ತಿ ಬಾಗಿಲ ಹಿಂದೆ ನೇತುಹಾಕಿದ, ಗಂಟೆಯನ್ನು ಡ್ರಾಯರಿನಲ್ಲಿಟ್ಟ. ಫೋಟೋದಲ್ಲಿ ಮಂಚದ ಕಾಲು ಇಣುಕುತ್ತದೆಂದು ಒಳಬಾಗಿಲನ್ನೂ ಮುಚ್ಚಿದ.

ಫೋಟೋ ಅಂದರೆ ಫೋಟೋ! ಬರಿಯ ಮರ, ಬರಿಯ ಬೆಳಕು, ಖಾಲಿ ಗೋಡೆ. ಹಾಕಿದ್ದೇ ತಡ ಹೊಗಳಿಕೆ ಸುರಿಯಿತು. ಆ ಮರ ಎಲ್ಲಿಯದು, ಆ ಗೆರೆಗಳೇನು ಎಂದು ಕೇಳುವವರೇ ಎಲ್ಲ. ಅವನು ಹೆಡ್‌ಫೋನು ಏರಿಸಿ, ಹಾಡು ಹಾಕಿಕೊಂಡು, ಒಬ್ಬೊಬ್ಬರಿಗೂ ಉತ್ತರ ಬರೆಯುತ್ತ ಕೂತ. ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸಿದರು, ಏರಿದ. ಹೊತ್ತು ಹೋದದ್ದು ತಿಳಿಯಲಿಲ್ಲ.

ಹನ್ನೆರಡಕ್ಕೆ ಪಕ್ಕದ ಮನೆಯ ಚಿಕ್ಕಮ್ಮ ಬಂದರು. ನಿವೃತ್ತ ದಾದಿ, ಅವನು ಕೆಲಸಕ್ಕೆ ಹೋದಾಗ ಅಕ್ಕನ ಬಳಿ ಇರುವವರು, ರಜೆಯ ದಿನವೂ ಅದೇ ಹೊತ್ತಿಗೆ ಬಂದು ಅವಳ ಮೈ ಒರೆಸಿ ಹೋಗುವವರು. ಅವನ ಬೆನ್ನ ಹಿಂದೆಯೇ ಹಾದು ಒಳಬಾಗಿಲು ತೆಗೆದರು. ಅವರು ಕಿರುಚಿದ್ದೂ ಅವನಿಗೆ ಕೇಳಲಿಲ್ಲ. ಬಂದು ಹೆಡ್‌ಫೋನನ್ನು ಕಿತ್ತೆಸೆದ ಮೇಲೇ ತಿರುಗಿದ್ದು.

“ಕಿವಿ ಇದ್ಯೋ ಇಲ್ವೋ ನಿಂಗೆ? ಎಷ್ಟ್ ಹೊತ್ತಿಂದ ಬಿದ್ದಿದಾಳೋ ಏನೋ!”

ಅಕ್ಕ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಕಾಲು ಮೈಯಡಿಗೆ ಮಡಚಿಕೊಂಡಿತ್ತು. ಕೆನ್ನೆಯ ಮೇಲಿನ ಕಣ್ಣೀರು ಒಣಗಿ ಬಿಳುಪಾಗಿತ್ತು. ಎಡಗೈ ಹೆಬ್ಬೆರಳು ಮಾತ್ರ ಇನ್ನೂ ಗುಂಡಿ ಒತ್ತುತ್ತಿತ್ತು, ಟಕ್, ಟಕ್, ಟಕ್. ಒಂದಲ್ಲ, ಎರಡಲ್ಲ, ಮೂರೂ ಅಲ್ಲ. ಅದಕ್ಕೆ ಎಣಿಕೆಯೇ ಇರಲಿಲ್ಲ.

“ಗಂಟೆ ಹೊಡೀಲಿಲ್ವೇನೋ?” ಎಂದರು ಚಿಕ್ಕಮ್ಮ.

“ಕೆಟ್ಟೋಗಿತ್ತು ಚಿಕ್ಕಮ್ಮ” ಎಂದ ನೀಟಪ್ಪ. ಬಾಯಿಗೆ ಬಂದದ್ದು ಅದೇ. ಆಂಬುಲೆನ್ಸಿನವರು ಬಂದು ಅಕ್ಕನನ್ನು ಸ್ಟ್ರೆಚರಿನಲ್ಲಿ ಹೊತ್ತು ಮುಂದಿನ ಕೋಣೆ ದಾಟುವಾಗ ಅವಳ ಕಣ್ಣು ಗೋಡೆಯ ಕಡೆ ಹೊರಳಿತು. ವೈರಿರಲಿಲ್ಲ. ಪರದೆಯ ಮೇಲೆ ಅದೇ ಖಾಲಿ ಗೋಡೆಯ ಫೋಟೋ ದೊಡ್ಡದಾಗಿ ನಿಂತಿತ್ತು. ಅವಳು ಅದನ್ನು ನೋಡಿದ್ದನ್ನು ಅವನು ನೋಡಿದ.

ಸೊಂಟದ ಮೂಳೆ ಮುರಿದಿತ್ತು. ಹೃದಯ ದುರ್ಬಲ, ಆಪರೇಷನ್ ತಡೆಯುವುದಿಲ್ಲ, ಇನ್ನು ಎಬ್ಬಿಸಿ ಕೂರಿಸುವುದೂ ಬೇಡ ಎಂದರು ಡಾಕ್ಟರು. ಒಂಬತ್ತು ದಿನಕ್ಕೆ ಮನೆಗೆ ಕಳಿಸಿದರು. ಡಾಕ್ಟರಿಗೂ, ಕಂಪನಿಯವರಿಗೂ ಅವನು ಹೇಳಿದ್ದು ಒಂದೇ, ಗಂಟೆ ಕೆಟ್ಟಿತ್ತು. ಕೇಳಿದವರೆಲ್ಲ ಪಾಪ, ನೀನೇನು ಮಾಡ್ತೀಯಪ್ಪ ಎಂದರು. ಪಕ್ಕದಲ್ಲೇ ಮಲಗಿದ್ದ ಅಕ್ಕ ಸೂರು ನೋಡುತ್ತಿದ್ದಳು.

ಕೆಲಸಕ್ಕೆ ಮರಳಿದ ದಿನ ಲಿಫ್ಟಿನ ಗಂಟೆ ಒತ್ತಿದವನು ಬೆರಳು ತೆಗೆಯಲೇ ಇಲ್ಲ. “ಕೇಳಿಸ್ತು, ಬಿಡ್ರೀ! ಕಿವಿ ಕಿತ್ತೋಗ್ತಿದೆ!” ಎಂದು ಕಾವಲುಗಾರ ಕೆಳಗಿನಿಂದ ಕೂಗಿಕೊಂಡ. ಆಮೇಲೇ ಕೈ ತೆಗೆದದ್ದು.

ಮುಂದಿನ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ, ಗುಂಪಿನಲ್ಲಿ ಅವನದು ತಿಂಗಳ ಮೇಜಾಗಿತ್ತು. ಅಭಿನಂದನೆಗಳ ಸಾಲಿನ ಕೊನೆಗೆ ಯಾರೋ ಕೇಳಿದ್ದರು: “ಸಾರ್, ಆ ಬಿಳೀ ವೈರನ್ನ ಎಲ್ಲಿ ಅಡಗಿಸಿದ್ರಿ? ನಮ್ಗೂ ಹೇಳ್ಕೊಡಿ.”

ಅವನು ಕಂಪ್ಯೂಟರ್ ಆರಿಸಿದ. ವೈರನ್ನು ಮತ್ತೆ ಎಳೆದ, ಮೊಳೆ ಮೊಳೆಗೂ ಬಿಗಿದ. ಗಂಟೆಯನ್ನು ಹಲಗೆಯ ನಡುಮಧ್ಯೆ ಇಟ್ಟ. ಹತ್ತು ಸಲ ಒತ್ತಿ ನೋಡಿ ಅಕ್ಕನ ಬಳಿ ಕೂತ.

“ಗಂಟೆ ಕೆಟ್ಟಿರ್ಲಿಲ್ಲ ಅಕ್ಕ. ನಾನೇ ಕಿತ್ತಿದ್ದೆ. ಫೋಟೋಗೆ.”

ಅಕ್ಕ ಕಣ್ಣು ಮುಚ್ಚಿದಳು. ಸಿಟ್ಟೋ, ದುಃಖವೋ, ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಲು ಹೋದರೆ ಕೈ ಎಳೆದುಕೊಂಡಳು. ಗುಂಡಿಯನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದ. “ಒತ್ತು ಅಕ್ಕ. ಒಂದ್ಸಲ. ನಾನು ಹೊರಗೇ ಕೂತಿರ್ತೀನಿ.”

ಹೊರಗೆ ಬಂದು ಅವಳು ಕೊರೆದ ಇಂಚಿನ ಗೆರೆಗಳ ಮೇಲೆ ಕೈಯಿಟ್ಟು, ಗಂಟೆಯನ್ನೇ ನೋಡುತ್ತ ಕೂತ. ಹತ್ತಾಯಿತು, ಹನ್ನೊಂದಾಯಿತು. ಬಿಸಿಲು ಹಲಗೆಯ ಮೇಲಿಂದ ಸರಿದು ನೆಲಕ್ಕಿಳಿಯಿತು. ಗಂಟೆ ಹೊಡೆಯಲಿಲ್ಲ. ಹನ್ನೊಂದೂವರೆಗೆ ತಡೆಯಲಾರದೆ ಒಳಗೆ ಹೋದ. ಗುಂಡಿ ಮಂಚದ ಅಂಚಿನಲ್ಲಿತ್ತು, ಕೈ ಎಷ್ಟು ದೂರ ಎಟುಕುತ್ತದೋ ಅಷ್ಟು ದೂರಕ್ಕೆ ಅವಳು ಅದನ್ನು ತಳ್ಳಿದ್ದಳು.

“ನೀರು ಬೇಕಿತ್ತಾ ಅಕ್ಕ?”

ಅವನು ಲೋಟವನ್ನು ತುಟಿಗೆ ಹಿಡಿದ. ಅಕ್ಕ ನಡುವೆ ಉಸಿರೂ ಬಿಡದೆ ಲೋಟ ಪೂರ್ತಿ ಕುಡಿದಳು.