ಅಂಜನಮ್ಮ ಮತ್ತು ಮೂರು-ನಾಲ್ಕರ ನಡೆ

ಮುಷ್ಕರದ ದಿನಗಳ ಅರ್ಧ ಕೂಲಿ ಅಂಜನಮ್ಮನಿಗೆ ಇನ್ನೂ ಬರಬೇಕು. ರಾಜಿಯಾದಾಗ ‘ನೇಯುವವರಿಗೆ ಅರ್ಧ ಕೂಲಿ’ ಎಂದು ಮಾತಾಯಿತು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಅವಳಂಥ ಹೆಂಗಸರು ನೇಯುವವರಲ್ಲ ಎಂದು ಮಾಲಿಕ ಆದಿನಾರಾಯಣಪ್ಪ ಹಟ ಹಿಡಿದ. ಕಂಡಿಕೆಯಲ್ಲಿ ನೂಲಿಲ್ಲದೆ ಲಾಳಿ ಏನನ್ನು ಎಳೆದುಕೊಂಡು ಓಡುತ್ತದೆ ಎಂದು ನಾವು ಕೆಲಸಗಾರರು ಗಂಟಲು ಹರಿದುಕೊಂಡೆವು. ಕೊಡಲಿಲ್ಲ. ಆಮೇಲೆ ಅವನೂ ಸತ್ತ, ಮಗ್ಗದ ಷೆಡ್ಡೂ ಕೈ ಬದಲಾಯಿತು. ಸತ್ತವನ ಬಾಕಿಯೂ ಬಾಕಿಯೇ, ಅದಕ್ಕೇ ಮೊದಲು ಹೇಳಿದೆ.

ಅಂಜನಮ್ಮನ ಅಪ್ಪನಿಗೆ ದೊಡ್ಡಬಳ್ಳಾಪುರದಲ್ಲಿ ಸ್ವಂತ ಕೈಮಗ್ಗವಿತ್ತು. ಅರವತ್ತರ ದಶಕದಲ್ಲಿ ಊರಿಗೆ ಕರೆಂಟು ಮಗ್ಗಗಳು ಬಂದವು, ಕೈಮಗ್ಗ ಸೌದೆಯಾಯಿತು. ಎಂಟನೇ ಕ್ಲಾಸು ಓದಿದ್ದ ಹುಡುಗಿ ಆದಿನಾರಾಯಣಪ್ಪನ ಷೆಡ್ಡಿಗೆ ಕಂಡಿಕೆ ಸುತ್ತಲು ಹೋದಳು. ಅಲ್ಲೇ ಮಗ್ಗ ಓಡಿಸುತ್ತಿದ್ದ ಮುನಿರಾಮಯ್ಯನನ್ನು ಮದುವೆಯಾದಳು. ಗೋಡೆಯ ಒಂದು ಪಕ್ಕ ಷೆಡ್ಡು, ಇನ್ನೊಂದು ಪಕ್ಕ ಅವರ ಬಾಡಿಗೆ ಮನೆ. ಉಣ್ಣುವಾಗ, ಮಲಗುವಾಗ, ಜಗಳವಾಡುವಾಗ ಒಂದೇ ಸದ್ದು: ಟಕಟಕ, ಟಕಟಕ.

ಅವಳೊಂದು ತೀರ್ಮಾನ ಮಾಡಿದ್ದಳು. ನೂಲಿನ ಧೂಳು ಕುಡಿದು ಆ ಷೆಡ್ಡಿನಲ್ಲಿ ಸಾಯಬಾರದು. ಕನ್ನಡ ‘ಜಾಣ’ ಪರೀಕ್ಷೆ ಪಾಸು ಮಾಡಬೇಕು, ಯಾವುದಾದರೂ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಬೇಕು. ಹೈಸ್ಕೂಲಿನಿಂದ ರಿಟೈರಾಗಿದ್ದ ಪಂಡಿತ ಕೋದಂಡರಾಮಯ್ಯನವರು ಸಂಜೆ ಹೊತ್ತು ತಮ್ಮ ಜಗುಲಿಯ ಮೇಲೆ ಆ ಪರೀಕ್ಷೆಗೆ ಪಾಠ ಮಾಡುತ್ತಿದ್ದರು. ಫೀಸು ಕೇಳುತ್ತಿರಲಿಲ್ಲ, ಆದರೆ ಬಾಯಿ ಬಹಳ ಕೆಟ್ಟದ್ದು. ಗಂಡಸರ ನಡುವೆ ಒಬ್ಬಳೇ ಹೆಂಗಸು ಅಂಜನಮ್ಮ, ಸೀರೆಗಂಟಿದ ನೂಲು ಕೊಡವಿಕೊಂಡು ಹೋಗಿ ಕೂರುತ್ತಿದ್ದಳು.

ಅಲಂಕಾರಗಳು ಅವಳಿಗೆ ನೀರು ಕುಡಿದಷ್ಟು ಸಲೀಸಾದವು. ಕಲಿತದ್ದನ್ನು ಮರುದಿನ ಷೆಡ್ಡಿನಲ್ಲಿ ಪಕ್ಕದಲ್ಲೇ ಕಂಡಿಕೆ ಸುತ್ತುವ ಮುತ್ತಮ್ಮನ ಕಿವಿಗೆ ಕೂಗಿ ಹೇಳುತ್ತಿದ್ದಳು. ಮುತ್ತಮ್ಮ ಸುಮ್ಮನಿರುವ ಪೈಕಿಯಲ್ಲ.

“ನನ್ ಗಂಡ ಹುಲಿ ಥರ ಅವ್ನೆ ಅಂದ್ರೆ ಏನೇ?”

“ಉಪಮೆ ಕಣೇ.”

“ನನ್ ಗಂಡ ಹುಲಿ ಅಂದ್ರೆ?”

“ರೂಪಕ.”

“ಹುಲೀನೇ ತಿಂದಾಕ್ಬಿಟ್ಟು ಬಂದೆ ಅಂತಾನಲ್ಲ, ಅದು?”

“ಅದು ಸಾರಾಯಿ ಕಣೇ, ಹೋಗೇ!”

ತೊಡಕಾದದ್ದು ಛಂದಸ್ಸು. ಒಂದು ಪದ್ಯ ಕೊಟ್ಟು ಅದರ ನಡೆ ಯಾವುದೆಂದು ಕೇಳುತ್ತಾರೆ. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಮಾತ್ರೆ ಎಣಿಸಿ, ಪದ್ಯ ಎಲ್ಲಿ ಉಸಿರು ಮುರಿಯುತ್ತದೋ ಅಲ್ಲಿ ಗೀಟೆಳೆದು ಗಣ ಮಾಡಬೇಕು. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನಲ್ಲಿ ಹದಿನಾಲ್ಕು ಮಾತ್ರೆ; ಅದು ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆಯುತ್ತದೆ. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಪರಿವರ್ಧಿನಿಯಲ್ಲಾದರೆ ಎಲ್ಲ ಹೆಜ್ಜೆಯೂ ನಾಲ್ಕೇ, ಸಾಲಿಗೆ ಹದಿನಾರು.

ಪರೀಕ್ಷೆಯಲ್ಲಿ ಭಾಮಿನಿ ಬಂತು. ಅಂಜನಮ್ಮ ಮಾತ್ರೆ ಸರಿಯಾಗಿಯೇ ಎಣಿಸಿದಳು. ಆದರೆ ನಾಲ್ಕಕ್ಕೆ ನಾಲ್ಕಕ್ಕೆ ಗೀಟೆಳೆದಳು. ಕೊನೆಗೆ ಎರಡು ಉಳಿಯಿತು. ಅವಳು ಬರೆದ ಉತ್ತರ ಇದು: “ಇದು ಪರಿವರ್ಧಿನಿ. ಕವಿಯು ಪ್ರತಿ ಸಾಲಿಗೆ ಎರಡು ಮಾತ್ರೆ ಕಡಿಮೆ ಹಾಕಿರುತ್ತಾನೆ.”

ಸೀರೆಯ ಉದ್ದ ಒಂದು ಗೇಣು ಕಮ್ಮಿ ಬಂದರೆ ನೇಯ್ದವನ ಕೂಲಿ ಹಿಡಿಯುವ ಊರು ನಮ್ಮದು. ಕವಿಯ ಕೂಲಿಯನ್ನೂ ಹಿಡಿದಳು. ಪರೀಕ್ಷಕರು ಅವಳ ಅಂಕ ಹಿಡಿದರು. ಮುಂದಿನ ವರ್ಷವೂ ಅದೇ ತಪ್ಪು, ಅದೇ ಫೇಲು.

ಕೋದಂಡರಾಮಯ್ಯನವರು ಸಿಡಿದರು. “ಏನಮ್ಮಾ, ನಿನಗೆ ಕಿವಿಯೇ ಇಲ್ವಲ್ಲ! ಹದಿನಾಲ್ಕು ಕಂಡ್ರೆ ಭಾಮಿನಿ, ಹದಿನಾರು ಕಂಡ್ರೆ ಪರಿವರ್ಧಿನಿ ಅಂತ ಬಾಯಿಪಾಠ ಹೊಡೆದು ಪಾಸಾಗಿ ತೊಲಗಬಾರದಾ?”

“ಬಾಯಿಪಾಠ ನಂಗೂ ಬತ್ತದೆ ಮೇಷ್ಟ್ರೇ. ನಾಳೆ ಮಕ್ಕಳ ಮುಂದೆ ನಿಂತ್ಕೊಂಡು, ನಂಗೆ ಕೇಳ್ಸದೇ ಇರೋದ್ನ ಕೇಳಿಸ್ಕೊಳ್ರೋ ಅಂತ ಹೆಂಗೆ ಹೇಳ್ಲಿ? ನೀವು ಓದಿ. ನಾನು ಕೈ ತಟ್ತೀನಿ.”

ಅವರು ಓದಿದರು. ಅವಳು ತೊಡೆ ತಟ್ಟಿದಳು. ಕೈ ಮಗ್ಗದ ಹಾಗೆ ಟಕಟಕ, ಟಕಟಕ ಎಂದು ನಾಲ್ಕಕ್ಕೆ ನಾಲ್ಕಕ್ಕೇ ಬಿತ್ತು. ಎರಡನೇ ಸಾಲಿಗೆ ಪದ್ಯ ಒಂದು ಕಡೆ, ಕೈ ಒಂದು ಕಡೆ. ಗಂಡಸರು ನಕ್ಕರು. ಅವಳು ಏಳಲಿಲ್ಲ. “ಇನ್ನೊಂದ್ಸಲ ಓದಿ” ಎಂದಳು. ಅಂಥ ಸಂಜೆಗಳು ಎಷ್ಟೋ ಹೋದವು.

ಎಪ್ಪತ್ತರ ದಶಕದ ಮೊದಲಲ್ಲಿ ಕೂಲಿ ಏರಿಸಿ ಎಂದು ನಾವು ಮುಷ್ಕರ ಹೂಡಿದೆವು. ಓಣಿಓಣಿಯ ಮಗ್ಗ ನಿಂತವು. ಮೊದಲ ದಿನಗಳಲ್ಲಿ ಊರಿಗೆ ನಿದ್ದೆಯೇ ಬರಲಿಲ್ಲ. ಮಗ್ಗದ ಸದ್ದು ಕೇಳದೆ ಕೂಸುಗಳು ಅಳುತ್ತಿದ್ದವು. ಷೆಡ್ಡಿನಲ್ಲಿ ಕೂಗಿ ಕೂಗಿ ಅಭ್ಯಾಸವಾದವರು ಪಿಸುಮಾತನ್ನೂ ಕೂಗಿಯೇ ಆಡಿ, ಮನೆಮನೆಯ ಗುಟ್ಟು ಬೀದಿಗೆ ಬಿತ್ತು.

ಅಂಜನಮ್ಮ ಬೆಳಿಗ್ಗೆ ಷೆಡ್ಡಿನ ಗೇಟಿನ ಮುಂದೆ ನಮ್ಮ ಜೊತೆ ಧರಣಿ ಕೂರುವಳು, ಸಂಜೆ ಜಗುಲಿಗೆ ಹೋಗುವಳು. ಯಾವ ದೇವರೂ ಬಂದು ಅವಳ ಕಿವಿ ತೆರೆಯಲಿಲ್ಲ. ಕಿವಿಯೊಳಗಿನ ಮಗ್ಗ ಗೇಟಿನೊಳಗಿನ ಮಗ್ಗಕ್ಕಿಂತ ನಿಧಾನವಾಗಿ ನಿಂತಿತು. ವಾರ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ಓದುತ್ತಿದ್ದಾಗ ಅವಳ ಕೈ ಎಡವಿತು. ಗಿಡ್ಡ, ಉದ್ದ. ಗಿಡ್ಡ, ಉದ್ದ. ನಾಲ್ಕೈದು ಪದ ಹಾಗೇ ಬಿದ್ದು ಮತ್ತೆ ತಪ್ಪಿತು.

“ನಿಲ್ಸಬೇಡಿ ಮೇಷ್ಟ್ರೇ, ಓದಿ ಓದಿ!”

ಅವರು ಗಂಟಲು ಕಟ್ಟುವ ತನಕ ಓದಿದರು. ಮಾರನೆಯ ದಿನ ಧರಣಿಯಲ್ಲಿ ಅವಳು ತಾನೇ ಕಟ್ಟಿದ ಸಾಲು ಹೇಳಿದಳು:

ಹಸಿದ ಹೊಟ್ಟೆಯು ಬಂದು ಮಗ್ಗದ
ಬೆಸೆದ ನೂಲಿನ ಲೆಕ್ಕ ಕೇಳಲು
ಬಿಸಿಲು ನೋಡುತ ಬಾಯಿ ಹೊಲಿದರು ನಮ್ಮ ಮಾಲಿಕರು

ಹೆಂಗಸರು ಅದನ್ನು ಘೋಷಣೆ ಮಾಡಿಕೊಂಡರು. ಆದರೆ ಕೂಗುವಾಗ ಎಲ್ಲರ ಬಾಯಲ್ಲೂ ಅದು ಟಕಟಕ ಆಗಿಬಿಡುತ್ತಿತ್ತು. ಅಂಜನಮ್ಮ ಒಬ್ಬೊಬ್ಬರ ಬೆನ್ನು ತಟ್ಟಿ ತಟ್ಟಿ ತಿದ್ದಿದಳು.

“ಹೊಟ್ಟೆಗ್ ಹಿಟ್ಟಿಲ್ಲ, ಇವ್ಳಿಗೆ ಗಣ ಬೇಕಂತೆ” ಎಂದಳು ಮುತ್ತಮ್ಮ. ಎನ್ನುತ್ತಲೇ ಸರಿಯಾಗಿ ಕೂಗಿದಳು.

ತಿಂಗಳು ದಾಟಿತು. ಪರೀಕ್ಷೆಗೆ ಸ್ವಲ್ಪವೇ ದಿನ ಉಳಿದಿದ್ದಾಗ ಮಾಲಿಕರು ರಾಜಿಗೆ ಬಂದರು. ಕೇಳಿದ್ದರಲ್ಲಿ ಅರ್ಧ ಏರಿಕೆ, ಮುಷ್ಕರದ ದಿನಗಳಿಗೆ ನೇಯುವವರಿಗೆ ಅರ್ಧ ಕೂಲಿ. ಒಪ್ಪಬೇಕೋ ಬೇಡವೋ ಎಂದು ಗೇಟಿನ ಮುಂದೆಯೇ ಸಭೆ ಸೇರಿದೆವು. ಅಂಜನಮ್ಮ ಎದ್ದು, ಇನ್ನೊಂದಷ್ಟು ದಿನ ತಡೆಯೋಣ, ಹೆಂಗಸರ ಕೂಲಿ ಮಾತೇ ಇದರಲ್ಲಿ ಸರಿಯಾಗಿಲ್ಲ ಎಂದಳು. ಮಾತು ನ್ಯಾಯವಾಗಿತ್ತು. ಆದರೆ ಮುತ್ತಮ್ಮ ಬಿಡಲಿಲ್ಲ.

“ಲೇ ಅಂಜನಿ, ನಿಜ ಹೇಳೇ. ಕೂಲಿಗೆ ತಡೀಬೇಕಾ, ನಿನ್ ಪರೀಕ್ಷೆಗ್ ತಡೀಬೇಕಾ? ಮಗ್ಗ ಓಡುದ್ರೆ ನಿನ್ ಕಿವಿ ಕೆಡ್ತದೆ, ಓಡ್ದಿದ್ರೆ ನನ್ ಮಕ್ಕಳ ಹೊಟ್ಟೆ ಕೆಡ್ತದೆ.”

ಮುನಿರಾಮಯ್ಯ ಹೆಂಡತಿಯ ಮುಖ ನೋಡಿದ.

“ಎರಡಕ್ಕೂ ಕಣೇ” ಎಂದಳು ಅಂಜನಮ್ಮ. “ಸುಳ್ಳು ಯಾಕೆ ಹೇಳ್ಲಿ? ಕೈ ಎತ್ತಿ. ನೀವೆಲ್ಲ ಒಳಕ್ಕೋಗಾದಾದ್ರೆ ನಾನೂ ಬತ್ತೀನಿ.”

ಹೆಚ್ಚು ಕೈ ಒಳಗೆ ಹೋಗುವ ಕಡೆ ಎದ್ದವು. ಸೋಮವಾರ ಮಗ್ಗ ಓಡಿದವು. ಮೊದಲ ಕಂಡಿಕೆ ಸುತ್ತಿ ಕೊಟ್ಟವಳೇ ಅಂಜನಮ್ಮ.

ಆ ಸಂಜೆ ಜಗುಲಿಯ ಮೇಲೆ ಅವಳ ಕೈ ಮತ್ತೆ ನಾಲ್ಕಕ್ಕೆ ಬಿತ್ತು. ಕೋದಂಡರಾಮಯ್ಯನವರು ಈ ಸಲ ಬೈಯಲಿಲ್ಲ, “ಹದಿನಾಲ್ಕು ಕಂಡ್ರೆ ಭಾಮಿನಿ ಅಂತ ಬರೆದುಬಿಡಮ್ಮಾ, ಸಾಕು” ಎಂದರು. ಅವಳು ಆಗದೆಂದು ತಲೆಯಾಡಿಸಿ ಎದ್ದು ಹೋದಳು.

ಮರುದಿನದಿಂದ ಷೆಡ್ಡಿನಲ್ಲೇ ಶುರು ಮಾಡಿದಳು. ಸುತ್ತ ಮಗ್ಗಗಳು ಟಕಟಕ ಎನ್ನುತ್ತಿದ್ದರೆ ಇವಳು ನೆಲಕ್ಕೆ ಕಾಲು ಬಡಿಯುತ್ತ ‘ಹಸಿದ, ಹೊಟ್ಟೆಯು, ಬಂದು, ಮಗ್ಗದ’ ಎಂದು ಗಂಟಲು ಬಿಟ್ಟು ಹೇಳುವುದು. ಮಗ್ಗ ಎಳೆದುಕೊಂಡು ಹೋಗುವುದು, ಇವಳು ತಪ್ಪುವುದು, ಮತ್ತೆ ಮೊದಲಿಂದ. ನೂಲು ಹರಿದರೆ ಗಂಟು ಹಾಕುವ ಹಾಗೆ ತಪ್ಪಿದಲ್ಲೇ ಹಿಡಿದು ಮುಂದಕ್ಕೆ. ಮೇಸ್ತ್ರಿ ಬಂದು, “ಏನಮ್ಮಾ, ತಲೆ ಕೆಟ್ಟೋಯ್ತಾ?” ಎಂದ.

“ಕಂಡಿಕೆ ಕಮ್ಮಿ ಬಿದ್ರೆ ಕೇಳಪ್ಪಾ. ಬಾಯಿಗೆ ನಿಮ್ ಸಾವ್ಕಾರ ಕೂಲಿ ಕೊಡಾಕಿಲ್ಲ.”

ಪಕ್ಕದಲ್ಲಿ ಕೂತಿದ್ದ ಮುತ್ತಮ್ಮ ಆಮೇಲಾಮೇಲೆ ತಾನೂ ಕಾಲು ಬಡಿಯತೊಡಗಿದಳು. ಅಷ್ಟು ಮಗ್ಗಗಳ ನಡುವೆ ಇಬ್ಬರು ಹೆಂಗಸರ ಎರಡು ಕಾಲು ಗಿಡ್ಡ-ಉದ್ದ ಹಾಕುತ್ತಿದ್ದವು. ಪರೀಕ್ಷೆಯ ಹಿಂದಿನ ದಿನ ಅಂಜನಮ್ಮ ಜಗುಲಿಗೆ ಹೋಗಿ ಕೈ ತಟ್ಟಿದಳು. ಪದ್ಯ ಮುಗಿಯುವವರೆಗೂ ತಪ್ಪಲಿಲ್ಲ. ಆ ಸಲ ಪಾಸಾದಳು.

ತೂಬಗೆರೆ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವಳು ಪಾಠ ಮಾಡುವುದನ್ನು ಒಮ್ಮೆ ನೋಡಿದ್ದೇನೆ. ಒಬ್ಬಳು ಹುಡುಗಿ ಗಣ ತಪ್ಪಾಗಿ ಬಿಡಿಸಿದ್ದಳು. ಅಂಜನಮ್ಮ ಕೆಂಪು ಮಸಿ ಮುಟ್ಟಲಿಲ್ಲ. “ನಿಮ್ಮನೇಲಿ ದಿನಾ ಏನವ್ವಾ ಸದ್ದು?” ಎಂದು ಕೇಳಿದಳು.

“ನಮ್ಮಪ್ಪ ಕಮ್ಮಾರ, ಟೀಚರ್. ಸುತ್ತಿಗೆ ಸದ್ದು.”

“ಹೆಂಗ್ ಬೀಳ್ತದೆ, ತಟ್ಟಿ ತೋರ್ಸು.”

ಹುಡುಗಿ ಬೆಂಚಿನ ಮೇಲೆ ತಟ್ಟಿದಳು. ಕ್ಲಾಸೆಲ್ಲ ಕೇಳಿತು. “ಸರಿ, ಅದು ನಿಮ್ಮಪ್ಪಂದು. ಈಗ ಪದ್ಯದ್ದು ಕೇಳು” ಎಂದು ಅಂಜನಮ್ಮ ಓದಲು ಶುರು ಮಾಡಿದಳು. ಆ ದಿನದ ಪಾಠ ಅದೊಂದೇ.

ಇದನ್ನು ಓದುತ್ತಿರುವವರಲ್ಲಿ ಕನ್ನಡ ಮೇಷ್ಟ್ರುಗಳು ಇದ್ದೀರಿ. ಛಂದಸ್ಸು ಬಾರದ ಕೂಲಿಯವರ ಮಕ್ಕಳಿಗೆ ಕಿವಿ ಇಲ್ಲ ಎಂದು ಹೇಳಿರುತ್ತೀರಿ, ಇಲ್ಲವೇ ಬಾಯಿಪಾಠ ಹೊಡಿ ಎಂದು ಕೈ ತೊಳೆದುಕೊಂಡಿರುತ್ತೀರಿ. ನಾಳೆ ಬೆಳಿಗ್ಗೆ ಕ್ಲಾಸಿಗೆ ಹೋಗಿ, ಕೊನೆಯ ಬೆಂಚಿನಿಂದ ಶುರು ಮಾಡಿ, ನಿನ್ನ ಮನೆಯಲ್ಲಿ ಏನು ಸದ್ದು ಎಂದು ಪ್ರತಿಯೊಬ್ಬರನ್ನೂ ಕೇಳಿ. ಕೇಳಿದ ಮೇಲೆ ಪದ್ಯವನ್ನು ಗಟ್ಟಿಯಾಗಿ ಓದಿ, ಅವರ ಕೈ ಸರಿಯಾಗಿ ಬೀಳುವವರೆಗೂ ಓದಿ. ನೀವು ವಿದ್ಯಾರ್ಥಿಗಳಾದರೆ, ನಿಮ್ಮ ಮೇಷ್ಟ್ರು ಓದದೆ ವ್ಯಾಖ್ಯೆ ಬರೆಸಲು ಹೊರಟ ದಿನ ಪೆನ್ನು ಕೆಳಗಿಟ್ಟು ಎದ್ದು ನಿಲ್ಲಿ. ಓದಿ ಎಂದು ಕೇಳಿ. ಓದುವ ತನಕ ಕೂರಬೇಡಿ.