ಗೋರಿಗೆ ಬೆನ್ನು ಹಾಕಬಾರದು

ಮನುಷ್ಯ ಪರಸ್ಥಳಕ್ಕೆ ಹೋದಾಗ ಮೊದಲು ಸಾಯುವುದು ಅವನ ಅಹಂಕಾರ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಬೀದರಿನಲ್ಲಿ ಮೊದಲು ಸತ್ತದ್ದು ನಾನೇ. ಯಾವುದೋ ಮರಳುಗಾಡಿನ ಸುಲ್ತಾನರ ಊರಿನಲ್ಲಿ, ಮಿನಾರಿನ ತುದಿಯಿಂದ ಕಾಲು ಜಾರಿ, ಹುಲ್ಲಿನ ಬಂಡಿಯೊಂದರ ಪಕ್ಕದಲ್ಲಿ ಬಿದ್ದು ಪ್ರಾಣ ಬಿಟ್ಟೆ. ಬಂಡಿಯ ಮೇಲೆಯೇ ಬಿದ್ದಿದ್ದರೆ ಉಳಿಯುತ್ತಿದ್ದೆನಂತೆ. ಮಂಚದ ಮೇಲೆ ಕುಳಿತಿದ್ದ ಮನೆಯೊಡೆಯರು ಬಸಿಯಲ್ಲಿದ್ದ ಚಹಾವನ್ನು ಸುರ್ರೆಂದು ಎಳೆದುಕೊಂಡು, "ಮತ್ತ ಸತ್ತ್ರೇನ್ರಿ ಮಾಸ್ತರ್?" ಅಂದರು.

ಇದು ವಿಡಿಯೊ ಗೇಮಿನ ಸಮಾಚಾರ. ಐವತ್ತು ದಾಟಿದ, ಇತಿಹಾಸ ಪಾಠ ಹೇಳಿ ಹೊಟ್ಟೆ ಹೊರೆಯುವ, ಚದುರಂಗವನ್ನೂ ಕಾಲಹರಣವೆಂದು ಬೈಯುತ್ತಿದ್ದ ಮುಳಬಾಗಿಲಿನ ಮನುಷ್ಯನೊಬ್ಬ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದು ಇಂಥ ಆಟಕ್ಕೆ ಕುಳಿತದ್ದು ಹೇಗೆ ಎಂಬುದನ್ನು ನಮ್ಮ ಕಡೆಯವರಿಗೆ ನಿವೇದಿಸಿಕೊಳ್ಳಬೇಕಾಗಿದೆ.

ಔರಾದಿನ ಕಾಲೇಜಿಗೆ ವರ್ಗವಾಗಿ ಬಂದವನು ಮೊದಲು ಮನೆ ಹುಡುಕಿದ್ದು ಭಾಲ್ಕಿಯಲ್ಲಿ. ಅಲ್ಲಿನ ಯಜಮಾನರು ಎರಡೂ ಕೈ ಜೋಡಿಸಿ "ಶರಣು ಶರಣಾರ್ಥಿ" ಅಂದರು. ನಮ್ಮ ಕಡೆ ಮನೆ ಕೇಳಲು ಹೋದವನಿಗೆ ಇಷ್ಟು ಮರ್ಯಾದೆ ಸಿಗುವುದಿಲ್ಲ, ನಮ್ಮಲ್ಲಿ ಮೊದಲು ಕೇಳುವುದು "ಯಾವೂರು?" ಎಂದು. ನನಗೆ ಕಣ್ಣು ತುಂಬಿ ಬಂತು. ಅದೇ ಉಸಿರಿನಲ್ಲಿ ಅವರು "ತತ್ತಿ ತಿಂತೀರೇನ್ರಿ?" ಎಂದು ಕೇಳಿದರು. ತತ್ತಿಯೆಂದರೆ ಮೊಟ್ಟೆ. ತಿನ್ನುತ್ತೇನೆ ಅಂದೆ. ಅವರು ಮತ್ತೊಮ್ಮೆ ಅಷ್ಟೇ ಭಕ್ತಿಯಿಂದ ಕೈ ಜೋಡಿಸಿದರು. ಅದು ಬೀಳ್ಕೊಡುಗೆಯೆಂದು ಹೊರಗೆ ಬಂದ ಮೇಲೆಯೇ ನನಗೆ ಅರ್ಥವಾದದ್ದು.

ಬೀದರಿನ ಹಳೇ ಊರಿನಲ್ಲಿ, ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ, ಯೂಸುಫ್ ಸಾಹೇಬರು ಕೇಳಿದ್ದು ಬೇರೆಯೇ ಪ್ರಶ್ನೆ. "ಟಿವಿಗಿ ಡಬ್ಬಿ ಜೋಡಸ್ಲಿಕ್ಕ ಬರ್ತದೇನ್ರಿ?" ಅವರ ಅಳಿಯ ದುಬೈಗೆ ಹೋಗುವಾಗ ಒಂದು ಗೇಮಿನ ಡಬ್ಬಿಯನ್ನು ಬಿಟ್ಟುಹೋಗಿದ್ದ. ವೈರುಗಳನ್ನು ಸಿಕ್ಕಲ್ಲಿ ಸಿಕ್ಕಿಸಿದೆ, ಚಿತ್ರ ಬಂತು, ಮನೆ ಸಿಕ್ಕಿತು.

ಸಾಹೇಬರು ಬೀದರ್–ಔರಾದ್ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಅವರ ಕೈಕಾಲಿನ ಬೆರಳುಗಳ ಸ್ಪರ್ಶವನ್ನು ತಿಂದುಹಾಕಿತ್ತು. "ಬಟನ್ ಒತ್ತೀನೋ ಇಲ್ಲೋ ತಿಳೀವಲ್ದು. ನೀವು ಹಿಡೀರಿ, ನಾ ರಸ್ತಾ ಹೇಳ್ತೀನಿ" ಅಂದರು. ಹೀಗೆ ಕಾಲೇಜಿನಿಂದ ಬಂದವನು ಸಂಜೆಯೆಲ್ಲ ಹಂತಕನಾಗುತ್ತಿದ್ದೆ. ಆಟದ ನಾಯಕ ಹಂತಕ. ಮುಸುಕು ಹಾಕಿಕೊಂಡು ಗೋಡೆ ಹತ್ತುವುದು, ಮಾಳಿಗೆಯಿಂದ ಮಾಳಿಗೆಗೆ ಹಾರುವುದು, ಕಾವಲುಗಾರರನ್ನು ಹಿಂದಿನಿಂದ ಇರಿಯುವುದು ಅವನ ವೃತ್ತಿ. ಸಾಹೇಬರು ಅವನನ್ನೂ ಬಸ್ಸಿನಂತೆಯೇ ನಡೆಸಿದರು. "ಎಡಕ್ಕ ತಗೋರಿ. ಸಾವಕಾಶ. ಮುಂದ ಒಂಟಿ ಅದ, ಸೈಡ್ ಕೊಡ್ರಿ."

ಇತಿಹಾಸದ ಮೇಷ್ಟರಾಗಿ ನನಗೆ ಆ ಊರಿನ ಮೇಲೆ ದೂರುಗಳಿದ್ದವು. ಒಂದು ಕಾಲದ ಕಮಾನಿನ ಕೆಳಗೆ ಇನ್ನೊಂದು ಕಾಲದ ಫಿರಂಗಿ ಇಟ್ಟಿದ್ದರು. ಸುಲ್ತಾನನ ದರ್ಬಾರಿನಲ್ಲಿ ಎಲ್ಲರೂ ಒಂದೇ ದರ್ಜಿಯ ಬಳಿ ಹೊಲಿಸಿದಂತೆ ಬಟ್ಟೆ ತೊಟ್ಟಿದ್ದರು. ಆದರೂ ಬೆಳಗಿನ ಬಿಸಿಲು ಕಲ್ಲಿನ ಮೇಲೆ ಬೀಳುವಾಗ ನನ್ನ ಟೀಕೆಗಳು ಗಂಟಲಲ್ಲೇ ಉಳಿಯುತ್ತಿದ್ದವು. ಮನೆಯ ಮಾಳಿಗೆ ಹತ್ತಿದರೆ ನಿಜವಾದ ಕೋಟೆ ಕಾಣುತ್ತದೆ. ಅದರ ಬಾಗಿಲುಗಳ ಹೆಸರು ನನಗೆ ಗೊತ್ತಿರಲಿಲ್ಲ. ಇಲ್ಲದ ಊರಿನ ಓಣಿಗಳೆಲ್ಲ ಬಾಯಿಪಾಠವಾಗಿದ್ದವು. ಇನ್ನು ಕೊಲೆ. ತರಗತಿಯಲ್ಲಿ ಇಡೀ ಸೈನ್ಯವನ್ನು "ಹತವಾಯಿತು" ಎಂಬ ಒಂದು ಕ್ರಿಯಾಪದದಲ್ಲಿ ಮುಗಿಸಿ ಹಾಜರಿ ಕರೆಯುವವನು ನಾನು. ಇಲ್ಲಿ ಕಾವಲುಗಾರ ಜೊತೆಯವನಿಗೆ ಏನೋ ಹೇಳಿ ನಗುತ್ತಿರುತ್ತಾನೆ, ಆಗಲೇ ಇರಿಯಬೇಕು. ಇರಿದಾಗ ಕೈಯಲ್ಲಿರುವ ರಿಮೋಟು ಗಡಗಡ ನಡುಗುತ್ತದೆ. ಊಟಕ್ಕೆ ಕುಳಿತಾಗಲೂ ಅಂಗೈಯಲ್ಲಿ ಆ ನಡುಕ ಇರುತ್ತಿತ್ತು. ಬೇಡವೆಂದುಕೊಂಡು ಏಳುತ್ತಿದ್ದೆ. ಮರುದಿನ ಔರಾದಿನಿಂದ ಬರುವ ಬಸ್ಸು ಸಂತಪುರದಲ್ಲಿ ತಡಮಾಡಿದರೆ ಚಡಪಡಿಸುತ್ತಿದ್ದೆ.

ನಮ್ಮ ಕಡೆ ಒಂಟಿತನಕ್ಕೆ ಮದ್ದೆಂದರೆ ಜಗಲಿ. ಯಾರಾದರೊಬ್ಬರು ಬಂದು ಕುಳಿತು ತಲೆ ತಿನ್ನುತ್ತಾರೆ. ಇಲ್ಲಿ ನನಗೆ ಸಿಕ್ಕಿದ ಜಗಲಿ ಆ ಮಂಚ. ಸಾಹೇಬರ ಹೆಂಡತಿ ಶಾಹೀನ್ ಭಾಭಿ ಬಾಗಿಲಲ್ಲಿ ನಿಂತು ಜೋಳದ ರೊಟ್ಟಿ ಬಡಿದ ಕೈ ಒರೆಸಿಕೊಳ್ಳುತ್ತ ನಮ್ಮ ಪರಾಕ್ರಮ ನೋಡುತ್ತಿದ್ದರು. "ಇಬ್ಬರ್ದೂ ಕೂಡಿದ್ರ ಒಂದ್ ಅಕಲ್ ಆಗಂಗಿಲ್ಲ" ಅನ್ನುವರು. ಅಕಲ್ ಎಂದರೆ ಬುದ್ಧಿ.

ಒಂದು ದಿನ ಭಾಭಿ ಸಾಹೇಬರ ಚಪ್ಪಲಿ ಒರೆಸುವಾಗ ಅಟ್ಟೆಯೊಳಗೆ ಮೊಳೆಯೊಂದು ಸಿಕ್ಕಿತು. ಅದನ್ನು ಮೆಟ್ಟಿಕೊಂಡೇ ಸಾಹೇಬರು ಎಷ್ಟು ದಿನ ಓಡಾಡಿದ್ದರೋ. ಬಲಗಾಲಿನ ಹೆಬ್ಬೆರಳ ಬುಡ ಕಪ್ಪಾಗಿತ್ತು. ಡಾಕ್ಟರು ನೋಡಿ ಎರಡು ಬೆರಳು ತೆಗೆಯಬೇಕು, ತಡಮಾಡಬಾರದು ಅಂದರು. ಸಾಹೇಬರು ಸಮ್ಮತಿಯಿಂದ ತಲೆಯಾಡಿಸಿ ಮನೆಗೆ ಬಂದು, ಮಂಚದ ಮೇಲೆ ಕುಳಿತು, "ಹಚ್ರಿ ಮಾಸ್ತರ್. ಈ ದರ್ವಾಜಾ ದಾಟಲಿ, ಆಮ್ಯಾಲ ದವಾಖಾನಿ" ಅಂದರು.

ದರ್ವಾಜಾ ಎಂದರೆ ಆಟದ ಊರಿನ ಪಡುವಣ ಬಾಗಿಲು. ಅದರಾಚೆ ಸಮುದ್ರವಿದೆಯೆಂದು ನಕ್ಷೆಯಲ್ಲಿ ಕಾಣುತ್ತಿತ್ತು. ಬದುಕಿಡೀ ಬಸ್ಸು ಓಡಿಸಿದ ಸಾಹೇಬರು ಸಮುದ್ರ ನೋಡಿರಲಿಲ್ಲ. ಬಾಗಿಲು ತೆರೆಯಬೇಕಾದರೆ ಹಂತಕ ಹಳೆಯ ಸುಲ್ತಾನನೊಬ್ಬನ ಗುಮ್ಮಟಕ್ಕೆ ಹೋಗಿ, ಗೋರಿಯ ಮೇಲಿಟ್ಟ ಕಠಾರಿ ಕದ್ದು, ಕಾವಲುಗಾರರಿಂದ ತಪ್ಪಿಸಿಕೊಂಡು ಹೊರಬೀಳಬೇಕು. ಕಠಾರಿ ಎತ್ತಿಕೊಂಡೆ. ಓಡಲು ತಿರುಗಿದೆ.

"ಅರೆ ನಕ್ಕೊ ನಕ್ಕೊ!" ಸಾಹೇಬರು ಕೂಗಿದರು. ಬೇಡ ಎನ್ನುವುದಕ್ಕೆ ಇಲ್ಲಿನವರು ನಕ್ಕೊ ಅನ್ನುತ್ತಾರೆ. "ಗೋರಿಗಿ ಬೆನ್ನ ತೋರಸ್ತಾರೇನ್ರಿ?"

ಇದು ನನಗೆ ಹೊಸದು. ನಮ್ಮ ಕಡೆ ದೇವಸ್ಥಾನದಿಂದ ಬರುವವರು ಪ್ರಸಾದ ಎಲ್ಲಿ ಕೊಡುತ್ತಾರೆಂದು ನೋಡುತ್ತ ಬರುತ್ತಾರೆ. ಇಲ್ಲಿ ದರ್ಗಾದೊಳಗೆ ಹೋದವರು ಗೋರಿಯತ್ತ ಮುಖ ಮಾಡಿಕೊಂಡೇ, ಒಂದೊಂದು ಹೆಜ್ಜೆ ಹಿಂದಿಡುತ್ತ ಹೊಸ್ತಿಲು ದಾಟುತ್ತಾರೆ. ಸಾಹೇಬರು ಕೆಲಸದಲ್ಲಿದ್ದಷ್ಟು ಕಾಲವೂ ರಜೆ ಸಿಕ್ಕಾಗಲೆಲ್ಲ ಬೀದರಿನ ಪಕ್ಕದ ಅಷ್ಟೂರಿನಲ್ಲಿ ಸುಲ್ತಾನರ ಗೋರಿಯಿರುವ ಗುಮ್ಮಟಕ್ಕೆ ಹೋಗಿ ಹಾಗೆಯೇ ಹೊರಬಂದವರು.

"ಸಾಹೇಬ್ರೇ, ಇದು ನಿಜವಾದ ಗೋರಿ ಅಲ್ಲ" ಅಂದೆ.

"ನಿಮ್ಮ ಪುಸ್ತಕದಾಗಿನ ರಾಜರ್ನ ನೀವು ನೋಡೀರೇನು? ಕದೀಲಿಕ್ಕ ಬಂದೀವಿ, ಅದೇ ತಪ್ಪು. ಅದ್ರ ಮ್ಯಾಲ ಬೆನ್ನೂ ತೋರಸ್ಬೇಕಾ?"

ಕಳ್ಳತನಕ್ಕೆ ಅಪ್ಪಣೆಯಿತ್ತು, ಅಸಭ್ಯತೆಗೆ ಇರಲಿಲ್ಲ. ತೊಂದರೆಯೆಂದರೆ ಆಟದ ಮನುಷ್ಯ ಬಿಲ್ಲು ಎಳೆದು ಗುರಿ ಹಿಡಿದಾಗ ಮಾತ್ರ ಹಿಮ್ಮುಖವಾಗಿ ನಡೆಯುತ್ತಾನೆ. ಗೌರವ ತೋರಿಸಲು ಗೋರಿಗೇ ಬಾಣ ಗುರಿಯಿಡಬೇಕು. ಸಾಹೇಬರು ಗಲ್ಲ ಕೆರೆದುಕೊಂಡು ಯೋಚಿಸಿ, "ಬಾಣ ನೆಲಕ್ಕ ಹಿಡೀರಿ" ಎಂದು ತೀರ್ಪು ಕೊಟ್ಟರು. ಹೀಗೆ ನೆಲಕ್ಕೆ ಬಾಣ ಹಿಡಿದ ಹಂತಕ ವಿನಯದಿಂದ ಹಿಂದೆ ಹಿಂದೆ ನಡೆದು, ಬಾಗಿಲಲ್ಲಿ ಕಾದಿದ್ದವರ ಈಟಿಗೆ ತಾನಾಗಿ ಬೆನ್ನು ಒಪ್ಪಿಸಿ ಸತ್ತ. ಮರುದಿನವೂ ಸತ್ತ. ವಾರ ಕಳೆದರೂ ಸಾಯುತ್ತಲೇ ಇದ್ದ. ಲೋಕದಲ್ಲಿ ಇಷ್ಟು ಸಭ್ಯವಾಗಿ ಸತ್ತ ಕಳ್ಳ ಇನ್ನೊಬ್ಬನಿರಲಾರ.

ಈ ನಡುವೆ ಮಂಚದ ಬಳಿ ವಾಸನೆ ಶುರುವಾಗಿತ್ತು. ಭಾಭಿ ಊದುಬತ್ತಿ ಹಚ್ಚಿಟ್ಟರು.

ನಾನು ನೀರು ತರಲು ಅಂಗಳಕ್ಕೆ ಹೋದಾಗ ಅವರು ಹಿಂದೆಯೇ ಬಂದರು. "ಮಾಸ್ತರ್ ಸಾಬ್, ನಾ ಹೇಳಿದ್ರ ಅವ್ರಿಗಿ ನಾಟಂಗಿಲ್ಲ. ನೀವು ಆಟ ಬಂದ್ ಮಾಡ್ರಿ, ಇಲ್ಲಾ ಖತಮ್ ಮಾಡ್ರಿ. ಎರಡರಾಗ ಒಂದ್ ಮಾಡ್ರಿ." ದನಿ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಮೊದಲು ಬಂದ್ ಮಾಡಿ ನೋಡಿದೆ. ಡಬ್ಬಿ ಕೆಟ್ಟಿದೆ ಅಂದೆ. ಭಾನುವಾರವಿಡೀ ಸಾಹೇಬರು ಕಪ್ಪು ಟಿವಿಯನ್ನೇ ನೋಡುತ್ತ ಕುಳಿತರು. ರೊಟ್ಟಿ ಮುಟ್ಟಲಿಲ್ಲ, ದವಾಖಾನೆಯ ಮಾತು ಎತ್ತಿದರೆ ಗೋಡೆಯತ್ತ ತಿರುಗಿದರು. ಸಂಜೆಗೆ ಡಬ್ಬಿ ರಿಪೇರಿಯಾಯಿತು. ಬೆನ್ನು ತಿರುಗಿಸಿ ಓಡೋಣವೆಂದು ಬೇಡಿಕೊಂಡೆ. ಅವರು ಆಟದ ಬಗ್ಗೆಯಲ್ಲ ಅನ್ನುವ ದನಿಯಲ್ಲಿ ಅಂದರು: "ಹಿಂದ ನಡೀಲಿಕ್ಕ ಕಾಲಿನ ಬೆರಳು ಬೇಕ್ರಿ ಮಾಸ್ತರ್. ಮುಂದ ನಡ್ಯಾವರಿಗಿ ಹಿಮ್ಮಡಿ ಸಾಕು. ಬೆರಳು ತಗದ್ರ ಅಷ್ಟೂರಾಗ ನಾ ಹ್ಯಾಂಗ ಹೊರಗ ಬರ್ಲಿ? ಯಾರರೆ ಹೊತ್ಕೊಂಡ್ ತರ್ತಾರ, ಗೋಣಿಚೀಲದಂಗ, ಬೆನ್ನ ಮಾಡ್ಕೊಂಡು."

ರಿಮೋಟು ಹಿಡಿದು ಮತ್ತೊಮ್ಮೆ ಗುಮ್ಮಟದೊಳಗೆ ಹೋದೆ.

ಕಠಾರಿ ಎತ್ತಿಕೊಂಡದ್ದಷ್ಟೇ. ಭಾಭಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ರಿಮೋಟನ್ನು ನನ್ನ ಕೈಯಿಂದ ಕಿತ್ತುಕೊಂಡರು. ಇಷ್ಟು ದಿನ ಬಾಗಿಲಲ್ಲಿ ನಿಂತು ನೋಡಿದ್ದು ವ್ಯರ್ಥವಾಗಿರಲಿಲ್ಲ. ಹಂತಕ ಗಿರ್ರನೆ ತಿರುಗಿದ. ಗೋರಿಗೆ ಪೂರಾ ಬೆನ್ನು ಹಾಕಿ, ಕಿಟಕಿಗೆ ಹಾರಿ, ಜಾಲಂಧ್ರ ಮುರಿದು, ಮಾಳಿಗೆಗಳ ಮೇಲೆ ಬಿದ್ದು ಎದ್ದು ಓಡಿದ. ಹಿಂದೆ ಈಟಿಗಳು ಬಂದವು, ತಾಗಲಿಲ್ಲ. ಪಡುವಣ ಬಾಗಿಲು ಕಿರ್ರೆಂದು ತೆರೆಯಿತು.

"ತೋರ್ಸೀನಿ ಬೆನ್ನ" ಅಂದರು ಭಾಭಿ. ಏದುಸಿರು ಬಿಡುತ್ತಿದ್ದರು, ತಾವೇ ಓಡಿದಂತೆ. "ಗುನಾಹ್ ನನ್ನ ತಲಿ ಮ್ಯಾಲ ಇರ್ಲಿ. ಅಲ್ಲಾನ ಮುಂದ ನಾ ಜವಾಬ್ ಕೊಡ್ತೀನಿ. ಏಳ್ರಿ ಈಗ." ಗುನಾಹ್ ಎಂದರೆ ಪಾಪ.

ಸಾಹೇಬರು ಹೆಂಡತಿಯನ್ನು ನೋಡಲಿಲ್ಲ. ಟಿವಿಯನ್ನೇ ನೋಡುತ್ತಿದ್ದರು. ಬಾಗಿಲಾಚೆ ಸಮುದ್ರವಿತ್ತು, ನೀಲಿಯಾಗಿ, ದಡಕ್ಕೆ ಒಂದೇ ಅಳತೆಯ ಅಲೆಗಳನ್ನು ಕಳಿಸುತ್ತ.

"ಮಾಂಜ್ರಾ ಹೊಳಿ ತುಂಬಿ ಬಂದಾಗ ಹಿಂಗೇ ಇರ್ತದಲ್ರಿ" ಅಂದರು. ಆಮೇಲೆ ಮಂಚದಿಂದ ಕಾಲು ಕೆಳಗಿಟ್ಟು, "ಆಟೋ ಕರೀರಿ ಮಾಸ್ತರ್."

ದವಾಖಾನೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಬೆರಳಿನ ಮಾತನ್ನು ಅವರು ಮತ್ತೆ ಆಡಲಿಲ್ಲ.

ವರ್ಗವಾಗಿ ನಮ್ಮ ಜಿಲ್ಲೆಗೆ ಮರಳಬಯಸುವವರು ಕಾಲೇಜಿನಲ್ಲಿ ಹೆಸರು ಕೊಡಬೇಕಾಗಿದ್ದದ್ದು ಅದೇ ವಾರ. ನಾನು ದವಾಖಾನೆಯ ವರಾಂಡದ ಬೆಂಚಿನ ಮೇಲಿದ್ದೆ, ಕೊಡಲಿಲ್ಲ. ಇದನ್ನು ಯಾರೂ ತ್ಯಾಗವೆಂದು ತಿಳಿಯಬಾರದು, ಮರೆತಿದ್ದೆ. ಮುಳಬಾಗಿಲಿನಿಂದ ಅಕ್ಕ ಫೋನು ಮಾಡಿ ಬೈದಳು. "ಹೌದ್ರಿ, ತಪ್ಪಾತ್ರಿ" ಅಂದೆ. "ಯಾರಿಗೋ ರೀ ಅಂತೀಯ? ಒಡಹುಟ್ಟಿದೋಳು ಕಣೋ ನಾನು" ಅಂದಳು. ಔರಾದಿನ ಕಾಲೇಜಿನಲ್ಲಿ ನಾನು ಇಂದಿಗೂ "ಆ ಕಡಿಯವ್ರು". ಅಕ್ಕನ ಲೆಕ್ಕದಲ್ಲಿ ಅಂದಿನಿಂದ ಈ ಕಡೆಯವನು.

ಆಪರೇಷನ್ನಿಗೆ ಕರೆದೊಯ್ಯುವಾಗ ನರ್ಸು ಬಾಗಿಲಲ್ಲಿ ತಡೆದು, "ಪೇಷಂಟಿಗಿ ನೀವ್ ಏನಾಗ್ಬೇಕ್ರಿ?" ಎಂದು ಕೇಳಿದಳು. ಬಾಡಿಗೆಯವನು ಅಂದೆ. "ಮನಿಯವ್ರೇ ಅದಾರ, ಬಿಡ್ರಿ" ಎಂದು ಭಾಭಿ ಹಿಂದಿನಿಂದ ಅಂದರು. ಎರಡು ಹೇಳಿಕೆಗಳಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ಅವಳು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

ಬಲಗಾಲನ್ನು ಮೊಣಕಾಲಿನ ಮೇಲಿನಿಂದಲೇ ಕತ್ತರಿಸಿ ತೆಗೆದರು.