ಹೆಮ್ಮರಗಾಲದ ಸಾಕಮ್ಮನ ಹೇಳಿಕೆ

ನಂಜನಗೂಡಿನ ಅಮಲ್ದಾರರ ಕಚೇರಿಯ ಎದುರಿಗಿರುವ ಹೊಂಗೆಮರದ ಕೆಳಗೆ ಕೂತು ಊರವರ ಅರ್ಜಿ ಬರೆದೇ ನನ್ನ ತಲೆ ನರೆತದ್ದು. ಚಕ್ರಪಾಣಿ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅರ್ಜಿ ಅಯ್ಯನೋರು ಅಂದರೆ ಕವಲಂದೆಯ ಮಕ್ಕಳೂ ದಾರಿ ತೋರಿಸುತ್ತವೆ. ಜನ ನನ್ನನ್ನು ಸಿಡುಕ ಅನ್ನುತ್ತಾರೆ. ಅನ್ನಲಿ. ಬೆಳಗಾದರೆ ಬದುವಿನ ಜಗಳ, ಬೇಲಿಯ ಜಗಳ, ಅಣ್ಣ ತಮ್ಮಂದಿರ ಜಗಳ ಕೇಳುವವನು ಸಿಡುಕದೆ ವೀಣೆ ನುಡಿಸುತ್ತಾನೆಯೇ? ಆದರೆ ಸಾಕಮ್ಮನ ಮಾತು ಬಂದರೆ ನನ್ನ ಸಿಡುಕೆಲ್ಲ ಇಳಿದುಹೋಗುತ್ತದೆ.

ಸಾಕಮ್ಮ ಹೆಮ್ಮರಗಾಲದವಳು. ಗಂಡನನ್ನು ಪ್ಲೇಗು ಕೊಂಡೊಯ್ದಿತ್ತು. ಉಳಿದವನು ಮಗ ಚಾಮಯ್ಯ ಒಬ್ಬನೇ. ಅವರಿವರ ಹೊಲದಲ್ಲಿ ಕಳೆ ಕಿತ್ತು, ರಾಗಿ ಬೀಸಿ ಅವನನ್ನು ಸಾಕಿದಳು. ಹುಡುಗನಿಗೆ ಹದಿಮೂರು ತುಂಬಿತ್ತೋ ಇಲ್ಲವೋ, ಮೈ ಮಾತ್ರ ಹೋರಿಕರುವಿನ ಹಾಗೆ ಬೆಳೆದುಬಿಟ್ಟಿತ್ತು. ಅವರ ಊರಿನ ಗರಡಿಮನೆಯ ಮುಂದೆ ಒಂದು ದುಂಡು ಕಲ್ಲಿದೆ. ಅದನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಹಾಕಿದವನನ್ನು ಅಂದಿನಿಂದ ಆಳು ಎಂದು ಊರು ಒಪ್ಪಿಕೊಳ್ಳುತ್ತದೆ. ಅಲ್ಲಿಯವರೆಗೆ ಅವನು ಹುಡುಗ. ಚಾಮ ಆ ವರ್ಷ ಸಂಕ್ರಾಂತಿಯ ದಿನ ಆ ಗುಂಡನ್ನು ಎತ್ತಿಬಿಟ್ಟ. ಸಾಕಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದಳು. ಪಾಪ, ಹೇಳಿಕೊಳ್ಳಲು ಅವಳಿಗೆ ಬೇರೆ ಏನಿತ್ತು?

ಅದಾದ ಮೇಲೆ ಬಂದದ್ದು ಕಾಮನ ಹುಣ್ಣಿಮೆ. ಕಾಮನನ್ನು ಸುಡಲು ಹುಡುಗರು ಊರಿನ ಸೌದೆ, ಬೆರಣಿ, ಮುರಿದ ನೊಗ ಎಲ್ಲವನ್ನೂ ಕದಿಯುತ್ತಾರೆ. ಅದು ಕಳವು ಅಲ್ಲ, ಪದ್ಧತಿ. ಕಳೆದುಕೊಂಡವನು ಬೈದಷ್ಟೂ ಹಬ್ಬ ಚೆಂದ. ಪಟೇಲ ಪುಟ್ಟಬಸವಯ್ಯನ ಕೊಟ್ಟಿಗೆಯಲ್ಲಿ ಸಗಣಿ ಮೆತ್ತಿಕೊಂಡ ಒಂದು ದಿಮ್ಮಿ ಬಿದ್ದಿತ್ತು. ಉಳಿದ ಹುಡುಗರಿಗೆ ಅದು ಅಲುಗಲಿಲ್ಲ. ಚಾಮ ಒಬ್ಬನೇ ಹೆಗಲಿಗೇರಿಸಿ ತಂದು ಗುಡ್ಡೆಗೆ ಹಾಕಿದ. ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಊರಿಗೆ ಊರೇ ಘಮ್ಮೆಂದಿತು. ಮುದುಕಿಯರು ದೇವರೇ ಇಳಿದು ಬಂದನೆಂದು ಕೈಮುಗಿದರಂತೆ. ಪಟೇಲ ಮಾತ್ರ ಬಾಯಿ ಬಡಿದುಕೊಂಡು ಓಡಿ ಬಂದ. ಅದು ಶ್ರೀಗಂಧ. ಕಳ್ಳಸಾಗಣೆಯವರು ವಾಸನೆ ಮುಚ್ಚಲು ಸಗಣಿ ಬಳಿದಿದ್ದ ದಿಮ್ಮಿ. ಕಾಡಿನ ಗಾರ್ಡು ಹಿಡಿದು ಪಟೇಲನ ವಶಕ್ಕೆ ಕೊಟ್ಟುಹೋಗಿದ್ದ. ಮನೆಯ ಹಿತ್ತಲಲ್ಲಿ ಹುಟ್ಟಿದ್ದರೂ ಗಂಧದ ಮರ ಮಹಾರಾಜರ ಸರ್ಕಾರದ್ದು ಎಂಬುದು ಎಲ್ಲರಿಗೂ ಗೊತ್ತು. ಪಟೇಲ ತನ್ನ ತಲೆ ಉಳಿಸಿಕೊಳ್ಳಲು ಹುಡುಗನ ಹೆಸರು ಬರೆಸಿದ. ಆ ಮಹಾನುಭಾವ ಕೊಟ್ಟಿಗೆಗೆ ಒಂದು ಬೀಗ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಿಚಾರಣೆಯ ದಿನ ತಾಯಿ ಮಗ ಇಬ್ಬರೂ ನಡೆದು ಬಂದರು. ಕಚೇರಿಯ ಜಗಲಿಯ ಮೂಲೆಯಲ್ಲಿ ಒಂದು ನೀರಿನ ಬಾನಿ, ಅದರಲ್ಲಿ ನೆನೆಹಾಕಿದ ಬೆತ್ತ. ಸಾಕಮ್ಮನ ಕಣ್ಣು ಅದರ ಮೇಲೆಯೇ ನೆಟ್ಟಿತು.

"ಇದ್ಯಾಕಪ್ಪ ನೀರ್ನಲ್ಲಿ ಮಡಗವ್ರೆ?" ಅಂತ ಅಲ್ಲಿದ್ದ ಜವಾನನನ್ನು ಕೇಳಿದಳು.

"ಕದ್ದ ಉಡುಗ್ರಿಗೆ ಕಣಮ್ಮೋ. ನೆಂದ್ರೆ ಚೆನ್ನಾಗಿ ಕಚ್ತದೆ."

"ದೊಡ್ಡೋರ್ಗೂ ಒಡೀತಾರಾ?"

"ದೊಡ್ಡೋರ್ಗೆ ಇದಿಲ್ಲ" ಅಂದು ಅವನು ಎಲೆಯಡಿಕೆ ಉಗುಳಲು ಹೋದ. ದೊಡ್ಡವರಿಗೆ ಏನಿದೆ ಅನ್ನುವುದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ನಾನು ಮರದ ಕೆಳಗೆ ಇನ್ನೊಬ್ಬನ ಅರ್ಜಿಯಲ್ಲಿ ಮುಳುಗಿದ್ದೆ. ಈ ಮಾತುಕತೆ ನನಗೆ ಗೊತ್ತಾದದ್ದು ಆಮೇಲೆ, ಅವಳ ಬಾಯಿಂದಲೇ.

ಒಳಗಿನಿಂದ ಚಾಮನ ಹೆಸರು ಕೂಗಿದರು. ಏನಾಗುವುದೋ ನೋಡೋಣವೆಂದು ನಾನೂ ಬಾಗಿಲ ಬಳಿ ಹೋಗಿ ನಿಂತೆ. ಆಗಿನ ಅಮಲ್ದಾರರು ಕೆಟ್ಟವರಲ್ಲ. ಚಾಮನನ್ನು ನೋಡಿ, ಮೊದಲ ತಪ್ಪು, ಹುಡುಗನಾದರೆ ನಾಲ್ಕು ಏಟು ಕೊಟ್ಟು ತಾಯಿಯ ವಶಕ್ಕೆ ಒಪ್ಪಿಸಬಹುದು ಅಂದರು. ಆದರೆ ಮೈಕಟ್ಟು ನೋಡಿ ಅನುಮಾನ ಬಂದು, "ಏನಮ್ಮ, ನಿನ್ನ ಮಗನಿಗೆ ವಯಸ್ಸೆಷ್ಟು? ಹುಡುಗನೇ ತಾನೆ?" ಎಂದು ಕೇಳಿದರು.

ಸಾಕಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಉಡ್ಗ ಅಲ್ಲ ಬುದ್ಧಿ! ಗರಡಿ ಗುಂಡು ಎತ್ತವ್ನೆ ನನ್ ಮಗ. ಆಳು ಬುದ್ಧಿ, ಆಳು. ಇಡೀ ಊರ್ನೇ ಕೇಳಿ ಬೇಕಾರೆ."

ಅಯ್ಯೋ ಪುಣ್ಯಾತ್ಗಿತ್ತಿ! ಪಟೇಲನನ್ನು ಕೇಳಿದರು, ಗುಂಡೆತ್ತಿದ್ದು ನಿಜ ಅಂದ. ಹುಡುಗನನ್ನು ಕೇಳಿದರು, ಅವನು ಎದೆಯುಬ್ಬಿಸಿ ಹೌದು ಅಂದ. ಗುಮಾಸ್ತ ತಾಯಿಯ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದ. ಸರ್ಕಾರದ ಗಂಧ ಸುಟ್ಟ ಆಳಿಗೆ ಒಂದು ವರ್ಷ ಸಜೆಯಾಯಿತು.

ಹೊರಗೆ ಬಂದವಳು ನೇರ ನನ್ನ ಹತ್ತಿರ ಬಂದಳು. ಮುಖದಲ್ಲಿ ಗೆಲುವಿತ್ತು. "ಅಯ್ನೋರೆ, ಬೆತ್ತ ತಪ್ತು ಅಲ್ವ್ರಾ?"

"ತಪ್ಪಿತಮ್ಮ" ಅಂದೆ.

"ಮಗನ್ನ ಯಾವಾಗ್ ಬುಡ್ತಾರೆ? ಬೈಗಾಗದ್ರೊಳ್ಗೆ ಊರ್ ಸೇರ್ಬೇಕು."

ಹೇಳಿದೆ. ಹೇಳದೆ ಏನು ಮಾಡಲಿ? ಅವಳು ತಿರುಗಿ ಕಚೇರಿಯ ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಚಾಮನನ್ನು ಕರೆದುಕೊಂಡು ಹೊರಟರು. ಅವನು ತಿರುಗಿ ತಿರುಗಿ ನೋಡಿದ. ಆಗ ಮಾತ್ರ ಅವನ ಮುಖ ಹದಿಮೂರು ವರ್ಷದವನ ಮುಖವಾಗಿತ್ತು. ಅವನಿನ್ನೂ ಹುಡುಗ ಎಂದು ಮೇಲಿನವರಿಗೆ ನಾನೇ ಪುಕ್ಕಟೆ ಅರ್ಜಿ ಬರೆದೆ. ಹೆತ್ತ ತಾಯಿಯೇ ಹೇಳಿದ ಮೇಲೆ ಇನ್ನೇನು ಎಂದು ಉತ್ತರ ಬಂತು.

ಸಜೆ ಮುಗಿಯುವ ಹೊತ್ತಿಗೆ ಅವಳು ಜೈಲಿನ ಬಾಗಿಲಿಗೆ ಹೋದಳು. ಬಿಟ್ಟಾಗಿದೆ, ಹೊರಟುಹೋದ ಅಂದರಂತೆ. ಊರಿಗೆ ಓಡೋಡಿ ಬಂದಳು, ಅಲ್ಲೂ ಇಲ್ಲ. ಆ ಯುಗಾದಿಗೆ ಬರಲಿಲ್ಲ, ಮುಂದಿನ ಯುಗಾದಿಗೂ ಬರಲಿಲ್ಲ. ಹಬ್ಬದ ಬೆಳಿಗ್ಗೆ ಮಗನಿಗೆ ಒತ್ತಲೆಂದು ಹರಳೆಣ್ಣೆ ಕಾಸಿ ಬಟ್ಟಲಲ್ಲಿ ಇಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಅದನ್ನು ದೀಪಕ್ಕೆ ಸುರಿಯುತ್ತಿದ್ದಳು.

ಆಮೇಲೆ ವಿಚಾರಣೆಯ ದಿನಗಳಲ್ಲಿ ಬಂದು ನನ್ನ ಮರದ ಕೆಳಗೆ ಕೂರತೊಡಗಿದಳು. ನಾನು ಒಂದು ದಿನ ರೇಗಿದೆ: "ಇಲ್ಲೇನಮ್ಮ ನಿನಗೆ ಕೆಲಸ? ಯಾವ ವ್ಯಾಜ್ಯ ನಿನ್ನದು?"

"ಯಾರ್ದಾರ ಉಡುಗ್ರು ಬಂದ್ರೆ ನೋಡ್ತೀನಿ ಕಣ್ರಯ್ಯ. ನೀವು ನಿಮ್ ಕೆಲ್ಸ ನೋಡ್ಕಳಿ" ಅಂದಳು.

ಹೀಗಿರುವಾಗ ಕವಲಂದೆಯಿಂದ ಮಲ್ಲಯ್ಯ ಅನ್ನುವ ತಬ್ಬಲಿ ಹುಡುಗನನ್ನು ಹಿಡಿದು ತಂದಿದ್ದರು. ಗಾಡಿಯಿಂದ ಬೆಲ್ಲದ ಅಚ್ಚು ಎತ್ತಿದ್ದ. ಅಮಲ್ದಾರರು ಬದಲಾಗಿದ್ದರು, ಹೊಸಬರು. ಸಾಕಮ್ಮ ಜವಾನನನ್ನು ತಳ್ಳಿಕೊಂಡು ಒಳನುಗ್ಗಿದಳು. "ಉಡ್ಗ ಬುದ್ಧಿ ಇವ್ನು! ಇನ್ನೂ ಉಡ್ಗ! ಜೈಲಿಗ್ ಆಕ್ಬೇಡಿ, ನಂಗ್ ಕೊಡಿ!"

"ನೀನು ಯಾರು? ಇವನ ತಾಯಿಯೇ?"

"ಅಲ್ಲ ಬುದ್ಧಿ. ಆದ್ರೂ ನಂಗ್ ಕೊಡಿ."

ಅಮಲ್ದಾರರು ನಕ್ಕರು, ಆಮೇಲೆ ಯೋಚಿಸಿದರು. ಇವನ ನಡತೆಗೆ ನಾನು ಹೊಣೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಕರೆದುಕೊಂಡು ಹೋಗು ಅಂದರು. ಮುಚ್ಚಳಿಕೆ ನಾನು ಬರೆದೆ. ಹೆಬ್ಬೆಟ್ಟು ಒತ್ತುವ ಮುಂಚೆ ಅವಳು ಅದನ್ನು ಮೂರು ಸಲ ಓದಿಸಿ ಕೇಳಿದಳು. ಒಮ್ಮೆ ಕೈ ಸುಟ್ಟುಕೊಂಡವಳಲ್ಲವೇ.

ಹಾಗೆ ಶುರುವಾದದ್ದು. ಮಲ್ಲಯ್ಯನ ಹಿಂದೆ ಇನ್ನೂ ಕೆಲವರು ಬಂದರು. ಹೊಟ್ಟೆತುಂಬ ಹಿಟ್ಟಿಕ್ಕುತ್ತಿದ್ದಳು, ಕತ್ತೆಚಾಕರಿ ಮಾಡಿಸುತ್ತಿದ್ದಳು, ಬಾಯಿತುಂಬ ಬೈಯುತ್ತಿದ್ದಳು. ಕೈ ಮಾತ್ರ ಎತ್ತಲಿಲ್ಲ. "ಕದೀಬೇಕು ಅನ್ನುಸ್ದಾಗ ನಮ್ ಮನೇಲೇ ಕದೀರ್ಲಾ, ಪರದೇಸಿ ಮುಂಡೇವಾ" ಅನ್ನುತ್ತಿದ್ದಳು. ಒಬ್ಬನು ಆ ಮಾತನ್ನು ನಂಬಿ ಅವಳಿಗಿದ್ದ ಒಂದೇ ತಾಮ್ರದ ಚೆಂಬನ್ನು ಎತ್ತಿಕೊಂಡು ಓಡಿದ! ಉಳಿದವರು ದಾರಿಗೆ ಬಂದರು. ಮಲ್ಲಯ್ಯ ಈಗ ಸ್ವಂತ ಗಾಡಿ ಹೊಡೆಯುತ್ತಾನೆ. ಅರಮನೆಯ ಕುದುರೆಗೂ ಆನೆಗೂ ಬೇರೆ ಬೇರೆ ಲಾಯ ಉಂಟು. ತಪ್ಪು ಮಾಡಿದ ಮಗುವನ್ನು ಪಳಗಿದ ಕಳ್ಳರಿಂದ ಬೇರೆ ಇಡಲು ಒಂದು ಕೊಠಡಿ ಇರಲಿಲ್ಲ. ನಮ್ಮ ಸೀಮೆಯಲ್ಲಿ ಆ ಕೊಠಡಿ ಸಾಕಮ್ಮನ ಜೋಪಡಿಯಾಗಿತ್ತು.

ಆದರೆ ಅವಳ ಕಣ್ಣು ಸದಾ ರಸ್ತೆಯ ಮೇಲೆ. "ಎಷ್ಟ್ ಜನುನ್ ತಂದ್ಕಂಡ್ರೇನ್ರಯ್ಯ, ನನ್ನೋನು ಬರ್ಲಿಲ್ವಲ್ಲ" ಅನ್ನುವಳು.

ಹೀಗೆ ಆರೇಳು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ತಿರುಮಕೂಡಲು ನರಸೀಪುರಕ್ಕೆ, ನನ್ನ ಅಕ್ಕ ಅಂಬುಜಮ್ಮನ ಮನೆಗೆ ಹೋಗಿದ್ದೆ. ಹೊಳೆಯ ಕಡವಿನಲ್ಲಿ ಆಳುಗಳು ಹರಿಗೋಲಿನಿಂದ ಭತ್ತದ ಮೂಟೆ ಇಳಿಸುತ್ತಿದ್ದರು. ಸುಡುಬಿಸಿಲು. ಎಲ್ಲರೂ ಬರಿಮೈ, ಒಬ್ಬ ಮಾತ್ರ ಕುತ್ತಿಗೆವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟಿದ್ದ. ಎರಡೆರಡು ಮೂಟೆ ಹೆಗಲಿಗೇರಿಸುತ್ತಿದ್ದ. ಆ ಎತ್ತುವ ರೀತಿ ನೋಡಿ ನನಗೆ ಅನುಮಾನ ಬಂತು.

"ಲೇ ಚಾಮ!" ಅಂದೆ. ಮೂಟೆ ಕೆಳಗೆ ಬಿತ್ತು.

ಹೊಳೆದಂಡೆಯ ನೆರಳಿಗೆ ಕರೆದುಕೊಂಡು ಹೋಗಿ ಚೆನ್ನಾಗಿ ಬೈದೆ. "ಅಲ್ಲಿ ಹೆತ್ತವಳು ಕಾದು ಕಾದು ಸೊರಗಿದಾಳೆ, ನೀನು ಇಲ್ಲಿ ಮೀಸೆ ಬಿಟ್ಟುಕೊಂಡು ಓಡಾಡ್ತೀಯಾ? ಆಳು ಅಂದಳು ಅಂತ ಕೋಪವೇನೋ ಅವಳ ಮೇಲೆ?"

"ಕೋಪ ಇಲ್ಲ ಸಾ. ಬೆತ್ತ ತಪ್ಸಾಕೆ ಅಂದ್ಲು ಅಂತ ಆವತ್ತೇ ಗೊತ್ತು. ಅವ್ಳು ಜವಾನುನ್ ಕೇಳ್ದಾಗ ಪಕ್ಕದಲ್ಲೇ ನಿಂತಿದ್ನಲ್ಲ."

"ಮತ್ತೆ?"

ಅವನು ಆಚೆ ಈಚೆ ನೋಡಿ, ಅಂಗಿ ಬಿಚ್ಚಿ, ಬೆನ್ನು ತಿರುಗಿಸಿದ. ಶಿವ ಶಿವಾ! ಉಕ್ಕೆ ಹೊಡೆದ ಹೊಲದ ಹಾಗಿತ್ತು ಆ ಬೆನ್ನು.

"ದೊಡ್ ಕಳ್ರು ಜತೆ ಆಕಿದ್ರು ಸಾ. ಅವ್ರ್ ಮಾಡಿದ್ ತಪ್ಗೆಲ್ಲ ನನ್ನ ಮುಂದಕ್ ತಳ್ಳೋರು. ಒಪ್ಕಳ್ದಿದ್ರೆ ಅವ್ರೇ ಬಡಿಯೋರು, ಒಪ್ಕಂಡ್ರೆ ಜೈಲಿನೋರ್ ಬೆತ್ತ" ಅಂದ. ಆಮೇಲೆ ಅಂಗಿ ತೊಡುತ್ತ, "ಮನೇಗ್ ಓದ್ರೆ ಅವ್ವ ಎಣ್ಣೆ ಒತ್ತಿ ನೀರು ಉಯ್ತಾಳೆ. ಬೆನ್ನು ನೋಡ್ತಾಳೆ. ಯಾವ್ದ್ ತಪ್ಸಾಕೆ ನನ್ ಕಳಿಸ್ಕೊಟ್ಲೋ ಅದುನ್ನೇ ನೋಡಿದ್ರೆ ಅವ್ಳು ಉಳೀತಾಳಾ ಸಾ? ಸಂಕ್ರಾಂತಿ, ಯುಗಾದಿ ಬಂದ್ರೆ ನಮ್ಮೂರ್ ಎಲ್ಲೆಗಂಟ ಓಯ್ತೀನಿ, ಒಳಕ್ ಓಗಾಕಿಲ್ಲ. ವಾಪಸ್ ಬತ್ತೀನಿ" ಅಂದ.

ನಾನು ಅತ್ತೆ. ಸಿಡುಕ ಅಳಬಾರದೆಂದು ಕಾನೂನೇನೂ ಇಲ್ಲ.

ಊರಿಗೆ ಬಂದವನು ಸೀದಾ ಹೆಮ್ಮರಗಾಲಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ನನಗೆ ಬರುವುದಿಲ್ಲ. ಸಾಕಮ್ಮ ಎಣ್ಣೆಯ ಬಟ್ಟಲನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಅಂದಳು: "ಕಣ್ ಮುಚ್ಕತ್ತೀನಿ ಅನ್ನಿ ಅಯ್ನೋರೆ. ನೋಡಾಕಿಲ್ಲ. ನಂಜುಂಡನಾಣೆ ನೋಡಾಕಿಲ್ಲ. ಬಂದ್ ಕೂತ್ಕಳ್ಲಿ ಸಾಕು."

ಮಲ್ಲಯ್ಯನ ಗಾಡಿಯಲ್ಲಿ ನಾನೇ ಅವನನ್ನು ಕರೆತಂದೆ. ಅವಳು ಆಗಲೇ ಎಣ್ಣೆ ಕಾಸಿಟ್ಟು ಅಂಗಳದಲ್ಲಿ ಮಣೆ ಹಾಕಿದ್ದಳು. ಅವನ ಗಲ್ಲ ಸವರಿದಳು, ಮೀಸೆ ಮುಟ್ಟಿ ನೋಡಿದಳು, ಆಮೇಲೆ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಅವನು ಅಂಗಿ ಬಿಚ್ಚಿ ಮಣೆಯ ಮೇಲೆ ಕೂತ. ನಾನು ಜಗಲಿಯಲ್ಲಿದ್ದೆ.

ನೆತ್ತಿಗೆ ಎಣ್ಣೆ ತಟ್ಟಿದಳು. ಕತ್ತು, ಹೆಗಲು ಉಜ್ಜಿದಳು. ಕೈ ಬೆನ್ನಿಗೆ ಇಳಿಯಿತು, ನಿಂತಿತು. ಕಣ್ಣು ತೆರೆಯಲಿಲ್ಲ. ಬೆರಳುಗಳು ಒಂದೊಂದೇ ಬರೆಯನ್ನು ಹುಡುಕಿಕೊಂಡು ಕೆಳಗಿನವರೆಗೂ ಹೋದವು.

"ಈಗ ನೋವಿಲ್ಲ ಕಣವ್ವ. ಒತ್ತು" ಅಂದ ಚಾಮ.

ಅವಳು ಕಣ್ಣು ಮುಚ್ಚಿಕೊಂಡೇ ಜಗಲಿಯ ಕಡೆ ಮುಖ ತಿರುಗಿಸಿದಳು. "ಅಯ್ನೋರೆ, ಅವೊತ್ತು ನಾನ್ ಬರಸಿದ್ದು ತಪ್ಪು. ಈಗ ಬರ್ಕಳಿ. ಇವ್ನು ಆಳಲ್ಲ. ಉಡ್ಗ. ನನ್ ಮಗ ಇನ್ನೂ ಉಡ್ಗ."

ನನ್ನ ಬಳಿ ಕಾಗದವೂ ಇರಲಿಲ್ಲ, ಲೇಖನಿಯೂ ಇರಲಿಲ್ಲ. "ಬರೆದುಕೊಂಡೆ ಕಣಮ್ಮ" ಅಂದೆ. ಅವಳು ಎಣ್ಣೆಗೈಯಲ್ಲೇ ಹೆಬ್ಬೆಟ್ಟನ್ನು ಮುಂದೆ ಚಾಚಿದಳು.